ಬಡಿಸಿದವರ ಎದೆಯುರಿ

ದುಂಡಕ್ಕನ ಎದೆಯುರಿ ಮಿತಿಮೀರಿದೆ ಎಂಬ ಸುದ್ದಿ ನನಗೆ ಮೊದಲು ಗೊತ್ತಾದದ್ದು ನಮ್ಮ ಗಿರಣಿಯಲ್ಲಿ, ಅದೂ ಜೋಳ ಬೀಸಿಸಲು ಬಂದವರ ಬಾಯಿಂದ. ಅವಳು ನನ್ನ ಗಂಡನ ಅಕ್ಕ. ಒಂದೇ ಮನೆ, ಒಂದೇ ಒಲೆ. ಆದರೂ ನನಗೆ ಗೊತ್ತಿರಲಿಲ್ಲ. ಗಿರಣಿಯ ಚಕ್ರ ತಿರುಗಿಸುವ ಪಟ್ಟಾ ಓಡುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಹಾಗಾಗಿ ಬಂದ ಹೆಂಗಸರೆಲ್ಲ ಗಂಟಲು ಹರಿದುಕೊಂಡು ಮಾತಾಡುತ್ತಾರೆ. ಪಟ್ಟಾ ನಿಂತ ಗಳಿಗೆಗೆ ಯಾರದೋ ಮನೆಯ ಗುಟ್ಟು ಎಲ್ಲರ ಕಿವಿಗೂ ಬಿದ್ದುಬಿಡುತ್ತದೆ. ಅವತ್ತು ಹಾಗೆ ಬಿದ್ದದ್ದು ನಮ್ಮದೇ ಮನೆಯದು. "ಮುರಿಗೆಪ್ಪನ ಅಕ್ಕ ಮಲಗೂದ ಬಿಟ್ಟಾಳಂತ, ಗ್ವಾಡಿಗೆ ಆತು ಕುಂತ ಬೆಳಕ ಹರಸ್ತಾಳಂತ" ಎಂದು ಕುಂಬಾರ ಓಣಿಯ ಗೌರವ್ವ ಕೂಗುತ್ತಿದ್ದಳು. ಪಟ್ಟಾ ನಿಂತಿತು, ಅವಳೂ ನಿಂತಳು. ಹಿಟ್ಟಿನ ಡಬ್ಬಿಯ ಹಿಂದೆ ನಾನಿದ್ದದ್ದನ್ನು ನೋಡಿ, "ನಿನಗ ಗೊತ್ತ ಇರತೈತಿ ಬಿಡವಾ ಕಸ್ತೂರಿ, ನಾ ಏನ್ ಹೊಸಾದ ಹೇಳಿದೆ" ಎಂದು ಸೆರಗಿನಿಂದ ಮೂಗಿನ ಮೇಲಿನ ಹಿಟ್ಟು ಒರೆಸಿಕೊಂಡಳು. ನಾನು "ಗೊತ್ತೈತಿ" ಎಂದೆ. ಮತ್ತೇನು ಹೇಳಲಿ.

ನಮ್ಮೂರಲ್ಲಿ ಉಂಡವರಿಗೆ ಎದೆಯುರಿ ಬರುವುದಿಲ್ಲ, ಬಡಿಸಿದವರಿಗೆ ಬರುತ್ತದೆ. ಮಿರ್ಚಿ ಭಜಿ ತಿಂದವನು ಎಲೆ ಅಡಿಕೆ ಹಾಕಿಕೊಂಡು ಹಾಯಾಗಿ ಓಣಿ ಸುತ್ತುತ್ತಾನೆ. ಅದನ್ನು ಅವನ ತಾಟಿಗೆ ಇಟ್ಟವಳು ಎದೆ ಒತ್ತಿಕೊಂಡು, ಗಂಟಲಿಗೆ ಬಂದ ಹುಳಿನೀರನ್ನು ಮತ್ತೆ ನುಂಗಿಕೊಳ್ಳುತ್ತಾಳೆ. ತಾನೇ ಹಾಕಿಕೊಂಡು ಉಂಡರೆ ತನ್ನದು ತನಗೆ. ಇದಕ್ಕೆ ನಾವು ಎಂದೋ ಒಗ್ಗಿಹೋಗಿದ್ದೇವೆ. ಖಾನಾವಳಿಗಳಲ್ಲಿ ಪಾತ್ರೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟಿರುತ್ತಾರೆ, ಬೇಕಾದದ್ದನ್ನು ನೀವೇ ತೋಡಿಕೊಳ್ಳಬೇಕು. ಭಜಿ ಮಾರುವ ಮಾಬುಸಾಬ ಕರಿದದ್ದನ್ನು ಬುಟ್ಟಿಗೆ ಸುರಿದು, ಗಿರಾಕಿ ಕೈ ಹಾಕುವಾಗ ಬೇರೆ ಕಡೆ ನೋಡುತ್ತ ನಿಲ್ಲುತ್ತಾನೆ. ಹುಡುಗನನ್ನು ನೋಡಲು ಹೋದ ಹೆಣ್ಣಿನ ಕಡೆಯವರು ಹೊಲ ಮನೆ ಕೇಳುವ ಮೊದಲು ಉಪ್ಪಿನಕಾಯಿ ಹೇಗೆ ತಿನ್ನುತ್ತಾನೆಂದು ಕೇಳುತ್ತಾರೆ. ಪರಊರಿನ ಬೀಗರು ಬಂದಾಗ ನಾವು ಪಾತ್ರೆ ತೋರಿಸಿ ಕೈಮುಗಿಯುತ್ತೇವೆ, ಅವರು ಸಿಟ್ಟಾಗಿ ಹೋಗುತ್ತಾರೆ, ಹೋಗಲಿ. ನಮ್ಮ ಮಕ್ಕಳಿಗೆ 'ಅವ್ವ' ಎಂಬ ಮಾತಿನ ಬೆನ್ನಿಗೇ 'ಸಾಕು' ಎಂಬ ಮಾತು ಕಲಿಸುತ್ತೇವೆ. ಮಗುವಿಗೆ ಹಲ್ಲು ಬಿದ್ದು ಹುಟ್ಟುವ ವಯಸ್ಸಿಗೆ ಒಂದು ಒಳ್ಳೆಯ ದಿನ ನೋಡಿ, ಹುಗ್ಗಿ ಮಾಡಿ, ಅದರ ಕೈಗೆ ಒಂದು ಹೊಸ ಸೌಟು ಕೊಡುತ್ತೇವೆ. ಮಗು ತನ್ನ ತಾಟಿಗೆ ತಾನೇ ಹಾಕಿಕೊಳ್ಳುತ್ತದೆ, ತಾಯಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಇನ್ನ ನಿಂದು ನಿನಗ" ಎನ್ನುತ್ತಾಳೆ. ಅಲ್ಲಿಗೆ ತಾಯಿಯ ಎದೆ ಬಿಡುಗಡೆ. ಎಲ್ಲ ತಾಯಂದಿರೂ ಅವತ್ತು ಒಂದಿಷ್ಟು ಅಳುತ್ತಾರೆ, ರಾತ್ರಿ ಬೆನ್ನು ನೆಲಕ್ಕೆ ಹಚ್ಚಿ ನಿದ್ದೆಯನ್ನೂ ಮಾಡುತ್ತಾರೆ. ನನ್ನ ಮಗಳಿಗೆ ಸೌಟು ಕೊಟ್ಟ ದಿನ ನಾನು ಮಾಡಿದ ನಿದ್ದೆ ನನಗೆ ಇನ್ನೂ ನೆನಪಿದೆ. ಈಗ ಅವಳು ಗಂಡನ ಮನೆಯಲ್ಲಿ ತನ್ನ ಮಗನ ಹಲ್ಲು ಬೀಳುವುದನ್ನು ಕಾಯುತ್ತಿದ್ದಾಳೆ.

ನನ್ನ ಗಂಡ ಮುರಿಗೆಪ್ಪನಿಗೆ ಮಾತ್ರ ಯಾರೂ ಸೌಟು ಕೊಟ್ಟಿರಲಿಲ್ಲ. ಅವನಿಗೆ ಹಾಲುಹಲ್ಲು ಬೀಳುವ ಮೊದಲೇ ಅವ್ವ ಸತ್ತಳು. ದುಂಡಕ್ಕನೇ ಸಾಕಿದಳು. ಇಂದು ಕೊಡುತ್ತೇನೆ, ದಸರೆಗೆ ಕೊಡುತ್ತೇನೆ, ಮೈಯಲ್ಲಿ ಒಂದಿಷ್ಟು ಮಾಂಸ ಹತ್ತಲಿ ಕೊಡುತ್ತೇನೆ ಎನ್ನುತ್ತ ಅವನಿಗೆ ಮೀಸೆ ಬಂತು, ಆ ಮೀಸೆ ಬೆಳ್ಳಗೂ ಆಯಿತು. ನಡುವೆ ಅವಳನ್ನು ಒಂದು ಮನೆಗೆ ಮದುವೆ ಮಾಡಿ ಕೊಟ್ಟಿದ್ದರು. ಮನೆ ತುಂಬ ಗಂಡಸರು, ಬಡಿಸುವ ಕೈ ಇವಳದೊಂದೇ. ವರ್ಷ ತುಂಬುವುದರೊಳಗೆ ತಿರುಗಿ ಬಂದಳು. ಯಾಕೆ ಬಂದೆ ಎಂದು ನಮ್ಮೂರಲ್ಲಿ ಯಾರೂ ಕೇಳಲಿಲ್ಲ, ಕೇಳಬೇಕಾದ ಪ್ರಶ್ನೆಯೇ ಅಲ್ಲ. ಬಂದವಳು ನೇರ ಅಡುಗೆಮನೆಗೆ ಹೋಗಿ ತಮ್ಮನಿಗೆ ತಾಟು ಹಾಕಿದಳಂತೆ. ನಾನು ಸೊಸೆಯಾಗಿ ಬಂದ ಮೊದಲ ದಿನ ಸೌಟಿಗೆ ಕೈ ಚಾಚಿದ್ದೆ. "ನಿನ್ನ ಎದಿ ಇನ್ನೂ ಎಳೇದೈತಿ, ನಿನ್ನ ತಾಟ ನೀ ನೋಡ್ಕೊ" ಎಂದು ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು. ನಾನೂ ಎರಡನೇ ಸಲ ಚಾಚಲಿಲ್ಲ. ಮುರಿಗೆಪ್ಪ ಉಣ್ಣುವುದನ್ನು ಕಂಡ ಯಾರೂ ಚಾಚುತ್ತಿರಲಿಲ್ಲ. ರೊಟ್ಟಿಯ ಜೊತೆ ಕೆಂಪು ಖಾರ ಬೇಕು, ಖಾರದ ಮೇಲೆ ಎಣ್ಣೆ ಬೇಕು, ಹಸಿ ಉಳ್ಳಾಗಡ್ಡಿಯನ್ನು ಮುಷ್ಟಿಯಲ್ಲಿ ಗುದ್ದಿ ತಿನ್ನಬೇಕು, ಗಿರಣಿ ಮುಚ್ಚಿ ಬಂದು ಹೊತ್ತಲ್ಲದ ಹೊತ್ತಿಗೆ ಉಂಡು ಅಲ್ಲೇ ಚಾಪೆಗೆ ಒರಗಬೇಕು. ಉಂಡವನು ಗೊರಕೆ ಹೊಡೆಯುತ್ತಿದ್ದ. ದುಂಡಕ್ಕನಿಗೆ ಆ ಹೆಸರು ಯಾರಿಟ್ಟರೋ, ಕೈಯೆತ್ತಿದರೆ ಪಕ್ಕೆಲುಬು ಎಣಿಸಬಹುದಿತ್ತು.

ಗಿರಣಿಯಿಂದ ಬಂದವಳೇ ಅವಳನ್ನು ಬೆಳಕಿನಲ್ಲಿ ಸರಿಯಾಗಿ ನೋಡಿದೆ. ದನಿ ಒಡೆದಿತ್ತು, ಬೆಳಗಿನ ಹೊತ್ತು ಅದು ಗಂಡಸಿನ ದನಿಯ ಹಾಗೆ ಕೇಳುತ್ತಿದ್ದುದನ್ನು ನಾನು ನೆಗಡಿ ಎಂದುಕೊಂಡಿದ್ದೆ. ಮಾತಿನ ನಡುವೆ ನಿಂತು ಏನನ್ನೋ ನುಂಗುತ್ತಿದ್ದಳು. "ಅಕ್ಕಾರ, ರೊಟ್ಟಿ ಇಳೀತಾವೇನ್ರಿ ಗಂಟಲಾಗ" ಎಂದು ಕೇಳಿದೆ. "ನೀರ ಕುಡದ್ರ ಇಳೀತಾವ" ಎಂದಳು. "ನೀರಿಲ್ದ?" "ನೀರಿಲ್ದ ಯಾಕ ತಿನ್ನಬೇಕ, ಬಾವಿ ಬತ್ತೈತೇನ" ಎಂದು ನಗಲು ಹೋಗಿ ಕೆಮ್ಮಿದಳು. ಮರುದಿನವೇ ಅಕ್ಕ ತಮ್ಮ ಇಬ್ಬರನ್ನೂ ಡಾಕ್ಟರಬಾಯಿಯ ಹತ್ತಿರ ಎಳೆದುಕೊಂಡು ಹೋದೆ.

ನಮ್ಮೂರ ಡಾಕ್ಟರಬಾಯಿ ನಮ್ಮೂರಿನವಳೇ. ಎದೆ ಹಿಡಿದುಕೊಂಡು ಯಾರೇ ಬರಲಿ, ಅವಳ ಮೊದಲ ಪ್ರಶ್ನೆ ಒಂದೇ: "ನಿಮ್ಮ ಕೈಯಾಗ ಯಾರ ಉಣ್ತಾರ?" ದುಂಡಕ್ಕ ಹೇಳುವ ಮೊದಲೇ ನಾನು ಮುರಿಗೆಪ್ಪನನ್ನು ಕುರ್ಚಿಗೆ ಕೂರಿಸಿದೆ. ದುಂಡಕ್ಕ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಳು. ಡಾಕ್ಟರಬಾಯಿ ಅವನ ಹೊಟ್ಟೆ ಒತ್ತಿದಳು, ನಾಲಗೆ ನೋಡಿದಳು, ಏನು ತಿನ್ನುತ್ತೀ ಎಂದು ಕೇಳಿ, ಅವನು ಹೇಳುತ್ತಾ ಹೋದಷ್ಟೂ ಕನ್ನಡಕ ಒರೆಸುತ್ತಾ ಹೋದಳು. "ಮುರಿಗೆಪ್ಪ, ನೀನು ಊಟ ಮಾಡಾಕತ್ತಿಲ್ಲ, ನಿಮ್ಮಕ್ಕನ ಎದಿಯಾಗ ಒಲಿ ಹಚ್ಚಾಕತ್ತೀದಿ. ಖಾರ ಬಿಡು. ಕರಿದದ್ದ ಬಿಡು. ಹಸಿ ಉಳ್ಳಾಗಡ್ಡಿ, ಹುಣಸಿಹುಳಿ, ಟಮಾಟಿ ಬಿಟ್ಟ ನೋಡು. ಬರೇ ಹೊಟ್ಟೀಲೆ ಚಾ ಕುಡೀಬ್ಯಾಡ. ಒಮ್ಮೆಲೆ ಹೊಟ್ಟಿ ಬಿರಿಯಂಗ ಉಣಬ್ಯಾಡ, ಸ್ವಲ್ಪ ಸ್ವಲ್ಪ ಉಣ್ಣು. ಉಂಡು ತಾಸ ಎರಡ ತಾಸ ನೆಲಕ್ಕ ಬೆನ್ನ ಹಚ್ಚಬ್ಯಾಡ." ದುಂಡಕ್ಕ ಬಾಗಿಲಿಂದಲೇ, "ಅಂವಾ ಗಂಡಸ್ರೀ, ಗಿರಣ್ಯಾಗ ದುಡೀತಾನ, ಏನಾರ ಒಂದ ಬಿಡಸ್ರಿ, ಎಲ್ಲಾ ಯಾಕ" ಎಂದಳು. ಡಾಕ್ಟರಬಾಯಿ ಅವಳಿಗೆ ಬೆಳಗ್ಗೆ ನುಂಗುವ ಒಂದು ಗುಳಿಗೆ ಕೊಟ್ಟು, ತಲೆದಿಂಬಿನ ಕಡೆ ಮಂಚದ ಕಾಲ ಕೆಳಗೆ ಇಟ್ಟಿಗೆ ಇಡಿ ಎಂದು ಹೇಳಿ ಕಳಿಸಿದಳು.

ಅಂದಿನಿಂದ ಮುರಿಗೆಪ್ಪನ ವನವಾಸ ಶುರುವಾಯಿತು. ಅವನು ಒಳ್ಳೆಯವನು, ಅಕ್ಕನೆಂದರೆ ಜೀವ, ಒಂದು ಮಾತೂ ಎದುರಾಡಲಿಲ್ಲ. ಸೋರೆಕಾಯಿ ಪಲ್ಯ, ಹೀರೆಕಾಯಿ ಪಲ್ಯ, ತೆಳ್ಳನೆ ಹೆಸರುಬೇಳೆ ಸಾರು, ಮೆತ್ತಗಿನ ಅನ್ನ. ಹಗಲೆಲ್ಲ ಊರವರ ಮೆಣಸಿನಕಾಯಿ ಕುಟ್ಟಿ, ಮೂಗು ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬಂದರೆ ತಾಟಿನಲ್ಲಿ ಬಿಳಿಯದ್ದು ಬಿಟ್ಟು ಬೇರೆ ಬಣ್ಣವೇ ಇಲ್ಲ. "ಏ ಕಸ್ತೂರಿ, ಇದು ಊಟನೋ, ಮಂದಿ ಸತ್ತಾಗ ಹೊಚ್ಚೋ ಬಟ್ಟಿನೋ" ಎಂದು ಒಂದು ದಿನ ಕೇಳಿದ. ಅಷ್ಟೇ, ಉಂಡ. ಉಂಡು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಅಡ್ಡಾಡಿದ. ಅಡ್ಡಾಡುತ್ತ ಪ್ರತಿಯೊಂದು ಸುತ್ತಿಗೂ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, "ಅಕ್ಕಾ, ಹೆಂಗೈತಿ" ಎನ್ನುವನು. ಮೊದಮೊದಲು ಅವಳು, "ಹಗೂರಾಗೈತೋ" ಎಂದಳು. ನಾವು ಖುಷಿಪಟ್ಟೆವು. ಆಮೇಲೊಮ್ಮೆ ಬೆಳಗಿನ ಜಾವ ಬಚ್ಚಲಿನಲ್ಲಿ ಅವಳು ಹುಳಿನೀರು ಉಗುಳುವುದನ್ನು ನಾನು ಕಂಡೆ. ನನ್ನನ್ನು ನೋಡಿ ಬಾಯಿ ಒರೆಸಿಕೊಂಡು, "ನಿನ್ನೆ ಅಂವಗ ಹೀರಿಕಾಯಿ ಹಾಕಿದ್ದೆ, ಹೀರಿಕಾಯಿ ಅವಂಗ ಆಗಂಗಿಲ್ಲ ಕಾಣಸ್ತೈತಿ" ಎಂದಳು. ಹೀರೆಕಾಯಿ ಬಿಡಿಸಿದೆವು. ಆಮೇಲೆ ಬೇಳೆ ಬಿಡಿಸಿದೆವು. ಆಮೇಲೆ ಮಜ್ಜಿಗೆ ಹುಳಿ ಎಂದು ಅದನ್ನೂ ಬಿಡಿಸಿದೆವು. ಮುರಿಗೆಪ್ಪನ ಅಂಗಿ ಅವನ ಮೈಮೇಲೆ ಬೇರೆಯವರದರ ಹಾಗೆ ತೂಗತೊಡಗಿತು. ದುಂಡಕ್ಕನ ಉರಿ ಮಾತ್ರ ಇದ್ದ ಹಾಗೇ ಇತ್ತು.

ಹೀಗಾದಾಗ ಊರು ಸುಮ್ಮನಿರುತ್ತದೆಯೇ. ಯಾರ ಮನೆಯವರು ಈ ಸಲ ಮೆಣಸಿನಕಾಯಿ ಕಡಿಮೆ ತಂದರು ಎನ್ನುವುದರ ಮೇಲೆ ಆ ಮನೆಯ ಆರೋಗ್ಯ ಹೇಳುವ ಜನ ನಮ್ಮವರು. ಮುರಿಗೆಪ್ಪ ಗಾಳಿಗೆ ಹಾರುವ ಹಾಗಾಗಿದ್ದಾನೆ, ಅಕ್ಕನಿಗೆ ಗುಣವಿಲ್ಲ, ಅಂದರೆ ಅವಳು ಇನ್ನೂ ಯಾರಿಗೋ ಬಡಿಸುತ್ತಿದ್ದಾಳೆ. ಗೌರವ್ವ ಇದನ್ನು ನನ್ನ ಕಿವಿಯಲ್ಲಿ ಬಹಳ ಸಂಕಟದಿಂದ ಎಂಬಂತೆ ಹೇಳಿದಳು: "ಕೆಟ್ಟ ತಿಳ್ಕೋಬ್ಯಾಡವಾ. ವಯಸ್ಸಾಗೈತಿ ಖರೆ. ಆದ್ರ ಮನಸ್ಸಿಗೆ ಏನ ವಯಸ್ಸಿರತೈತಿ? ಹಿತ್ತಲ ಬಾಗಲಾ ತಗದ ಮಧ್ಯಾಹ್ನ ರೊಟ್ಟಿ ಒಯ್ಯೂದ ನಮ್ಮ ಮಂದಿ ನೋಡ್ಯಾರ." ನಾನು ಎರಡು ದಿನ ಗಿರಣಿ ಬಿಟ್ಟು ಕಾದೆ, ನಾಚಿಕೆಯಾದರೂ ಕಾದೆ. ದುಂಡಕ್ಕ ಹಿತ್ತಲ ಬಾಗಿಲು ತೆಗೆದು ರೊಟ್ಟಿ ಹಾಕಿದ್ದು ಒಂದು ಕಿವಿ ಹರಿದ ಕಂದು ನಾಯಿಗೆ. ನಾಯಿಯ ಉರಿ ಮನುಷ್ಯರಿಗೆ ಬರುತ್ತದೋ ಇಲ್ಲವೋ ಎಂದು ಗಿರಣಿಯಲ್ಲಿ ವಾರಗಟ್ಟಲೆ ವಾದ ನಡೆಯಿತು. ಮಾಬುಸಾಬ, "ನಮ್ಮ ಆಡಿಗೆ ನಾ ದಿನಾ ಭಜಿ ಹಾಕ್ತೀನಿ, ನನಗೇನೂ ಆಗಿಲ್ಲ" ಎಂದ. "ಆಡಿನ ಹೊಟ್ಟಿ ಬ್ಯಾರೆ, ನಾಯೀ ಹೊಟ್ಟಿ ಬ್ಯಾರೆ" ಎಂದು ಮತ್ತೊಬ್ಬರು. ಕಡೆಗೆ ಆ ನಾಯಿಯನ್ನೂ ಓಡಿಸಿದೆವು. ಅದು ಎರಡು ದಿನ ಬಾಗಿಲು ಕೆರೆದು ಹೋಯಿತು. ಉರಿ ಹೋಗಲಿಲ್ಲ.

ಡಾಕ್ಟರಬಾಯಿ ದೊಡ್ಡ ಊರಿಗೆ ಕಳಿಸಿ ಬಾಯೊಳಗೆ ಕೊಳವೆ ಬಿಡಿಸಿ ನೋಡಿಸಿದಳು. ಅನ್ನನಾಳದ ತುಂಬ ಹುಣ್ಣು, ಹುಣ್ಣು ಮಾಯ್ದ ಕಡೆ ದಾರಿ ಕಿರಿದಾಗುತ್ತ ಬಂದಿದೆ. ಹೀಗೇ ಉರಿಯುತ್ತ ಹೋದರೆ ನಾಳೆ ಗಂಜಿಯೂ ಇಳಿಯುವುದಿಲ್ಲ, ನಾಡಿದ್ದು ನೀರೂ ಇಳಿಯುವುದಿಲ್ಲ. ಡಾಕ್ಟರಬಾಯಿ ಈ ಸಲ ದುಂಡಕ್ಕನನ್ನೇ ಕುರ್ಚಿಗೆ ಕರೆದಳು. "ಪಥ್ಯ ಸಾಕಾಗಂಗಿಲ್ಲ ಅಕ್ಕೋರ. ಮುರಿಗೆಪ್ಪಗ ಸೌಟ ಕೊಡ್ರಿ." ದುಂಡಕ್ಕ ಬಹಳ ಹೊತ್ತು ತನ್ನ ಕೈಗಳನ್ನು ನೋಡುತ್ತ ಕೂತಳು. "ಅವಂಗ ಎಷ್ಟ ಹಸಿವಾಗೈತಿ ಅಂತ ಅವಂಗ ಗೊತ್ತಾಗಂಗಿಲ್ರಿ ಬಾಯಾರ" ಎಂದಳು. ದಾರಿಯಲ್ಲಿ ಬರುವಾಗ ದುಂಡಕ್ಕ ನನ್ನ ಭುಜ ಹಿಡಿದುಕೊಂಡು ನಡೆದಳು. ಅಷ್ಟು ಹಗುರದ ಕೈ ನನ್ನ ಭುಜಕ್ಕೆ ಭಾರವಾಗಿತ್ತು.

ಬೆಳ್ಳಿ ಮೀಸೆಯ ಗಂಡಸಿಗೆ ಸೌಟು ಕೊಡುವುದನ್ನು ನೋಡಲು ಓಣಿಗೆ ಓಣಿಯೇ ಬಂದಿತ್ತು. ನಾನು ಹುಗ್ಗಿ ಮಾಡಿದ್ದೆ. ಮುರಿಗೆಪ್ಪ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಹೊಸ ಅಂಗಿ ತೊಟ್ಟು, ಮುಖ ಕೆಳಗೆ ಹಾಕಿ ಕೂತಿದ್ದ. "ಹಲ್ಲ ಬಿದ್ದಾವೇನಲೇ ಮುರಿಗ್ಯಾ" ಎಂದು ಯಾರೋ ಕೂಗಿದರು. "ಬಿದ್ದಾವಪಾ, ಹಿಂದಿನ್ವು ನಾಕ" ಎಂದ. ಎಲ್ಲರೂ ನಕ್ಕರು. ದುಂಡಕ್ಕ ಸೌಟನ್ನು ಅವನ ಕೈಗೆ ಕೊಟ್ಟಳು, ಕೊಟ್ಟು ಬಿಡಲಿಲ್ಲ, ಇಬ್ಬರ ಕೈಯಲ್ಲೂ ಅದು ಸ್ವಲ್ಪ ಹೊತ್ತು ಇತ್ತು. ಆಮೇಲೆ ಬಿಟ್ಟಳು. ಎರಡೂ ಕೈ ಬೆನ್ನ ಹಿಂದೆ ಒಯ್ದು, "ಇನ್ನ ನಿಂದು" ಎಂದು ಅಲ್ಲಿಗೇ ನಿಲ್ಲಿಸಿದಳು. ಗೌರವ್ವ ಪಕ್ಕದಿಂದ "ನಿನಗ ಅನ್ನವಾ, ನಿನಗ" ಎಂದು ಎತ್ತಿಕೊಟ್ಟಳು. ದುಂಡಕ್ಕ "ನಿನಗ" ಎಂದು ಹೇಳಿ, ನಿಂತಲ್ಲೇ ಎರಡು ಸಲ ನುಂಗಿದಳು. ಮುರಿಗೆಪ್ಪ ಹುಗ್ಗಿಯನ್ನು ತಾಟಿನ ಅಂಚು ಮೀರುವಷ್ಟು ಹಾಕಿಕೊಂಡಿದ್ದ. ಅರ್ಧ ಉಂಡ, ಅರ್ಧ ಉಳಿಸಿದ. ಎಷ್ಟು ಹಾಕಿಕೊಳ್ಳಬೇಕೆಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಆಮೇಲಿನ ದಿನಗಳು ಮನೆಯಲ್ಲಿ ಬಲು ಉದ್ದವಾದವು. ಪಥ್ಯ ಮುಗಿಯಿತೆಂದು ಮುರಿಗೆಪ್ಪ ಮತ್ತೆ ಖಾರ ಹಾಕಿಕೊಂಡ, ಮೊದಲ ತುತ್ತಿಗೆ ಅವನ ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೋ ಸಂತೋಷಕ್ಕೋ ತಿಳಿಯಲಿಲ್ಲ. ತನ್ನ ಉರಿ ಈಗ ತನಗೇ ಬರುತ್ತದೆ ಎಂದು ಎದೆಯ ಮೇಲೆ ಕೈ ಇಟ್ಟುಕೊಂಡು ಕಾದ. ಬರಲಿಲ್ಲ. ನಾಳೆ ಬರಬಹುದು ಎಂದುಕೊಂಡ, ನಾಳೆಯೂ ಬರಲಿಲ್ಲ. ದುಂಡಕ್ಕ ಊಟದ ಹೊತ್ತಿಗೆ ಕೈಯಲ್ಲಿ ಏನೂ ಇಲ್ಲದೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ಬಟ್ಟೆ ತೆಗೆದುಕೊಂಡು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. "ಹೆಂಗೈತಿ ಅಕ್ಕಾ" ಎಂದರೆ, "ಎಲ್ಲಾ ಹೋತೋ, ಹೂವಿನಂಗ ಐತಿ ಎದಿ" ಎನ್ನುವಳು. ಊರೆಲ್ಲ ಹರಡಿತು, ದುಂಡಕ್ಕ ಗುಣವಾದಳು ಎಂದು. ಡಾಕ್ಟರಬಾಯಿ ಗಿರಣಿಗೇ ಬಂದು ಮುರಿಗೆಪ್ಪನ ಬೆನ್ನು ತಟ್ಟಿ ಹೋದಳು. ನನಗೂ ನಂಬಬೇಕೆನಿಸಿತ್ತು. ದಣಿದವರು ಒಳ್ಳೆಯ ಸುದ್ದಿಯನ್ನು ಮತ್ತೆ ಕೆದಕುವುದಿಲ್ಲ.

ಆಗ ಅವಳಿಗೆ ಜ್ವರ ಬಂತು. ಮಾಮೂಲಿ ಜ್ವರ, ಓಣಿಯಲ್ಲಿ ಎಲ್ಲರಿಗೂ ಬಂದು ಹೋದದ್ದು. ಆದರೆ ಅವಳಿಗೆ ಏಳಲಾಗಲಿಲ್ಲ. ನಾನು ಗಿರಣಿಯಿಂದ ಮಧ್ಯಾಹ್ನ ಬಂದು, ಉಂಡು, ಹೊತ್ತು ಇಳಿಯುವವರೆಗೂ ಅಲ್ಲೇ ಕೂತೆ. "ಅಕ್ಕಾರ, ಏನ್ ಉಣ್ತೀರಿ, ಗಂಜಿ ಮಾಡ್ಲೇನ" ಎಂದೆ. "ಗಂಜಿ ಯಾಕ, ನಂದ ಅಲ್ಲೇ ಐತಿ ನೋಡು, ಮುಚ್ಚಿ ಇಟ್ಟೀನಿ. ನೀ ತಂದ ಇಲ್ಲಿ ಇಟ್ಟಬಿಡು, ನಾ ಹಾಕ್ಕೋತೀನಿ" ಎಂದಳು. ಏಳಲಾಗದವಳಿಗೆ ಹಾಕಿಕೊಳ್ಳಲು ಎಲ್ಲಿ ಆಗುತ್ತದೆ. ನಾನು ಮುಚ್ಚಳ ತೆಗೆದೆ. ಒಣಗಿ ಕಟಕಲಾದ ನಿನ್ನೆಯ ರೊಟ್ಟಿ, ಕೆಂಪು ಖಾರ, ಖಾರದ ಮೇಲೆ ಹಸಿ ಎಣ್ಣೆ, ಅರ್ಧ ಉಳ್ಳಾಗಡ್ಡಿ, ಒಂದು ಲೋಟ ತಣ್ಣಗಾದ ಕರಿ ಚಾ. ಬೆಳಗಿನಿಂದ ಅದೇ ಚಾ ಬಿಟ್ಟರೆ ಬೇರೇನೂ ಅವಳ ಹೊಟ್ಟೆಗೆ ಹೋಗಿರಲಿಲ್ಲ. ನಾನು ತಾಟಿಗೆ ರೊಟ್ಟಿ ಮುರಿದು ಹಾಕಿದೆ, ಖಾರ ಹಾಕಿದೆ. ಅವಳು ಒಂದೊಂದು ತುತ್ತಿಗೂ ಚಾ ಗುಟುಕರಿಸಿ ನುಂಗಿದಳು, ನುಂಗಿ ಅಲ್ಲೇ ಮಗ್ಗುಲಾದಳು. "ದಿನಾ ಇದನ್ನ ಉಣ್ತೀರೇನ್ರಿ" ಎಂದು ಕೇಳಿದೆ. "ನೀವು ಉಂಡ ಮ್ಯಾಲ ಉಳಿದದ್ದ ಕೆಡಸಬಾರದಲ್ಲ. ಎರಡ ರೊಟ್ಟಿಗೆ ಒಂದಿಷ್ಟ ಖಾರ ಇದ್ರ ಸಾಕು, ನನಗ ಪಲ್ಯ ಗಿಲ್ಯ ಯಾಕ" ಎಂದಳು ಕಣ್ಣು ಮುಚ್ಚಿಕೊಂಡೇ. ನಾನು ಗಿರಣಿಗೆ ಹೋದೆ.

ಗೋಧಿ ಬೀಸುತ್ತಿದ್ದೆ. ಎದೆಯ ಗುಂಡಿಗೆಯ ಕೆಳಗೆ ಏನೋ ಬೆಚ್ಚಗಾಯಿತು. ಆಮೇಲೆ ಅದು ಮೇಲೇರಿತು, ಒಳಗಿನಿಂದ ಯಾರೋ ಬಿಸಿ ಹಂಚನ್ನು ಎದೆಗೂಡಿಗೆ ಒತ್ತಿದ ಹಾಗೆ. ಗಂಟಲಿಗೆ ಹುಳಿ ಬಂತು, ಖಾರದ ಹುಳಿ, ಮೂಗಿನೊಳಗೂ ಸುಟ್ಟಿತು. ನಾನು ಪಟ್ಟಾ ನಿಲ್ಲಿಸಿ ಹಿಟ್ಟಿನ ಚೀಲದ ಮೇಲೆ ಕುಸಿದೆ. ಮಗಳನ್ನು ಬೆಳೆಸುವಾಗಲೂ ಹೀಗೆ ಉರಿದಿರಲಿಲ್ಲ. ಇದು ಯಾರದು ಎಂದು ಹುಡುಕಿದೆ. ಮಧ್ಯಾಹ್ನ ನಾನು ಉಂಡದ್ದು ಬರಿ ಮಜ್ಜಿಗೆ ಅನ್ನ. ಬೆಳಗಿನಿಂದ ನಾನು ಯಾರಿಗೂ ಬಡಿಸಿರಲಿಲ್ಲ, ದುಂಡಕ್ಕನಿಗೆ ಬಿಟ್ಟು. ಹಾಗೆ ಕೂತಾಗ ನನಗೆ ಒಂದೊಂದೇ ಕಂಡಿತು. ಉರಿ ಅಂದ ಕೂಡಲೇ ಅವಳ ಕೈಯಲ್ಲಿ ಉಂಡವನನ್ನು ಹುಡುಕಿದೆವು. ಅವನನ್ನು ಕುರ್ಚಿಗೆ ಕೂರಿಸಿದೆವು, ಅವನ ನಾಲಗೆ ನೋಡಿದೆವು, ಅವನ ತಾಟು ಬಿಳಿ ಮಾಡಿದೆವು, ನಾಯಿಯನ್ನೂ ಓಡಿಸಿದೆವು. ದುಂಡಕ್ಕ ಏನು ಉಣ್ಣುತ್ತಾಳೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅವಳಿಗೆ ಯಾರೂ ಬಡಿಸಿರಲಿಲ್ಲ, ಅವಳ ತಾಟು ಯಾರ ಎದೆಯನ್ನೂ ಮುಟ್ಟಿರಲಿಲ್ಲ, ಹಾಗಾಗಿ ಅದರಲ್ಲಿ ಏನಿದೆ ಎಂದು ಊರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಮುರಿಗೆಪ್ಪನದು ಏನು ತಿಂದರೂ ಉರಿಯದ ಹೊಟ್ಟೆ. ಕೆಲವರದು ಹಾಗಿರುತ್ತದೆ.

ಎದೆ ಹಿಡಿದುಕೊಂಡೇ ಮನೆಗೆ ಹೋದೆ. ದುಂಡಕ್ಕ ಎದ್ದು ಕೂತಿದ್ದಳು. "ಇವತ್ತ ಜ್ವರ ಬಂದ್ರೂ ಎದಿ ತಣ್ಣಗೈತಿ ನೋಡು" ಎಂದವಳು ನನ್ನ ಮುಖ ನೋಡಿ, ಎದೆಯ ಮೇಲಿದ್ದ ನನ್ನ ಕೈ ನೋಡಿದಳು. ನಾನು ಅವಳ ಹತ್ತಿರ ಕೂತೆ. "ನಿಮಗ ಗೊತ್ತಿತ್ತೇನ್ರಿ" ಎಂದು ಕೇಳಿದೆ. "ಸೌಟ ಕೊಟ್ಟ ಮರುದಿನಾನ ಗೊತ್ತಾತು" ಎಂದಳು. "ಅವಂಗ ಬಡಿಸಿದ್ದಿಲ್ಲ, ಉರೀತು. ಅಂದ್ರ ಯಾರ್ದು ಅಂತ ತಿಳಿಲಾರದಷ್ಟ ಹುಚ್ಚಿ ಅಲ್ಲ ನಾ." "ಮತ್ತ ಹೂವಿನಂಗ ಐತಿ ಅಂತ ಯಾಕ ಹೇಳ್ತಿದ್ರಿ?" ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಇಷ್ಟ ವರ್ಷ ಅವಂದು ಅಂತ ತಡಕೊಂಡೆನವಾ. ನನ್ನ ಮುರಿಗ್ಯಾ ಹೊಟ್ಟಿ ತುಂಬ ಉಂಡಾನ, ಅದಕ್ಕ ಉರೀತೈತಿ ಅಂತಂದ್ರ ಎಷ್ಟ ಉರಿದ್ರೂ ಒಂದ ನಮೂನಿ ಸಮಾಧಾನ ಇತ್ತ. ಈಗ ನಂದ ಅಂತ ಗೊತ್ತಾತಲ್ಲ, ತಡ್ಯಾಕ ಆಗವಲ್ದು." ನನ್ನ ಎದೆಯಲ್ಲಿ ಅವಳ ರೊಟ್ಟಿ ಇನ್ನೂ ಉರಿಯುತ್ತಿತ್ತು. "ಖಾರ ಬಿಡ್ರಿ ಅಕ್ಕಾರ, ಹೊತ್ತಿಗೆ ಸರಿಯಾಗಿ ಉಣ್ರಿ, ಡಾಕ್ಟರಬಾಯಿ ಹೇಳಿದ್ದ ನೀವೂ ಕೇಳೀರಿ" ಎಂದೆ. "ನನ್ನೊಬ್ಬಾಕಿ ಸಲುವಾಗಿ ಯಾರ ಬ್ಯಾರೆ ಅಡಗಿ ಮಾಡ್ತಾರ" ಎಂದಳು. ಅದು ಮುನಿಸಲ್ಲ. ತನಗೆಂದೇ ಅಡುಗೆ ಮಾಡುವುದು ಎಂದರೆ ಏನೆಂದೇ ಅವಳಿಗೆ ತಿಳಿದಿರಲಿಲ್ಲ. "ಅವಂಗ ಹೇಳಬ್ಯಾಡ" ಎಂದೂ ಸೇರಿಸಿದಳು.

ನಾನು ಹೇಳಿದೆ. ಹೇಳದೆ ಹೇಗಿರಲಿ, ಅನ್ನನಾಳ ಮುಚ್ಚಿಹೋಗುವವರೆಗೆ ಕಾಯಲೇ. ಮುರಿಗೆಪ್ಪ ಕೇಳಿ ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡ, ಅವನ ಮೀಸೆ ಇನ್ನಷ್ಟು ಬೆಳ್ಳಗಾಯಿತು. ಮರುದಿನ ಹೊತ್ತೇರುವ ಮುಂಚೆ ಅಡುಗೆಮನೆಗೆ ಬಂದು, ನಾನು ಮಾಡಿಟ್ಟ ಮೆತ್ತಗಿನ ಅನ್ನ, ಸೋರೆಕಾಯಿ ಪಲ್ಯವನ್ನು ಒಂದು ತಾಟಿಗೆ ಹಾಕಿದ. ತಾಟು ಹಿಡಿದುಕೊಂಡು ಅಕ್ಕನ ಹಾಸಿಗೆಯ ಹತ್ತಿರ ಕೂತ. ದುಂಡಕ್ಕ ತಾಟನ್ನೂ ಅವನನ್ನೂ ನೋಡಿದಳು. "ಏ, ಕೆಳಗ ಇಡ ಅದನ್ನ. ನನ್ನ ಉರಿ ನಿನಗ ಬರತೈತಿ." "ಬರಲಿ." "ಮುರಿಗ್ಯಾ, ನಾ ಉಣ್ಣಂಗಿಲ್ಲ." "ಹಂಗಾರ ನಾನೂ ಉಣ್ಣಂಗಿಲ್ಲ, ಇಬ್ರೂ ಕೂಡ್ರೂಣು" ಎಂದು ಅವನು ಗೋಡೆಗೆ ಆತು ಕೂತುಬಿಟ್ಟ. ಗಿರಣಿಯ ಮುಂದೆ ಮಂದಿ ಕೂಗುತ್ತಿದ್ದರು. ಅವನು ಏಳಲಿಲ್ಲ. ಅವನು ಉಪವಾಸ ಕೂತದ್ದನ್ನು ಅವಳು ಎಂದೂ ನೋಡಿದವಳಲ್ಲ. ಬಹಳ ಹೊತ್ತಾದ ಮೇಲೆ ತಾಟನ್ನು ತನ್ನ ಕಡೆ ಎಳೆದುಕೊಂಡಳು. ಬೆರಳ ತುದಿಯಿಂದ ಪಲ್ಯವನ್ನು ಮುಟ್ಟಿ, ನಾಲಗೆಗೆ ಹಚ್ಚಿ, ಒಂದು ಚೂರು ಮೆಣಸಿನಕಾಯಿ ಇತ್ತು, ಅದನ್ನು ಆಯ್ದು ಹೊರಗಿಟ್ಟಳು. ಎಣ್ಣೆ ಕಂಡ ಕಡೆ ಅನ್ನವನ್ನು ಸರಿಸಿದಳು. ಒಂದೊಂದು ಅಗುಳನ್ನೂ ಅವನ ಎದೆಯೊಳಗೆ ಇಡುತ್ತಿರುವ ಹಾಗೆ ಜೋಪಾನವಾಗಿ ಉಂಡಳು. ಅವನು ಇನ್ನೊಂದು ತುತ್ತು ಹಾಕಲು ಹೋದಾಗ, "ಸಾಕು" ಎಂದು ತಾಟಿಗೆ ಕೈ ಅಡ್ಡ ಹಿಡಿದಳು. ಅವಳ ಬಾಯಲ್ಲಿ ಆ ಮಾತನ್ನು ನಾನು ಹೀಗೆ ಕೇಳಿದ್ದು ಅದೇ ಮೊದಲು. ಉಂಡಾದ ಮೇಲೆ ಮಲಗಲೂ ಇಲ್ಲ. ಜ್ವರದಲ್ಲೇ ಗೋಡೆ ಹಿಡಿದುಕೊಂಡು ಅಂಗಳದಲ್ಲಿ ಅಡ್ಡಾಡಿದಳು. "ಮಲಕ್ಕೋರಿ ಅಕ್ಕಾರ" ಎಂದರೆ, "ನಾ ಮಲಗಿದ್ರ ಅವಂಗ ಉರೀತೈತಿ" ಎಂದಳು.

ಹಾಗೆ ಅವಳಿಗೆ ಪಥ್ಯ ಹತ್ತಿತು. ಖಾರ ಬಿಟ್ಟಳು, ಬರಿ ಹೊಟ್ಟೆಯ ಚಾ ಬಿಟ್ಟಳು, ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುತ್ತಾಳೆ. ಗುಳಿಗೆ ನುಂಗುತ್ತಾಳೆ. ದೊಡ್ಡ ಊರಿನವರು ಮತ್ತೆ ಕೊಳವೆ ಬಿಟ್ಟು ನೋಡಿ ಹುಣ್ಣು ಮಾಯುತ್ತಿದೆ ಎಂದರು, ಕಿರಿದಾದ ದಾರಿ ಕಿರಿದೇ ಇರುತ್ತದೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ತಿನ್ನಿ ಎಂದರು. ಡಾಕ್ಟರಬಾಯಿ ಎಲ್ಲ ಕೇಳಿಕೊಂಡು, "ಅಕ್ಕೋರ ತಾಟನ್ಯಾಗ ಏನೈತಿ ಅಂತ ನಾನೂ ಕೇಳಲಿಲ್ಲ ನೋಡ್ರಿ" ಎಂದಳು. ಈಗ ಅವಳು ಎದೆ ಹಿಡಿದು ಬಂದವರಿಗೆ ಎರಡು ಪ್ರಶ್ನೆ ಕೇಳುತ್ತಾಳೆ, ಎರಡನೆಯದಕ್ಕೆ ಹೆಂಗಸರಿಗೆ ಉತ್ತರ ಹೊಳೆಯುವುದಿಲ್ಲವಂತೆ. ನಮ್ಮ ಮನೆಯಲ್ಲಿ ದಿನವೂ ಎರಡು ಅಡುಗೆ. ನನಗೆ ಕೆಲಸ ಹೆಚ್ಚಾಗಿದೆ, ಸಂಜೆಗೆ ಸೊಂಟ ನಿಲ್ಲುವುದಿಲ್ಲ, ಅದು ಯಾರಿಗೂ ಬಡಿಸಿ ಬಂದದ್ದಲ್ಲ, ನನ್ನದೇ.

ಮೊನ್ನೆ ಮುರಿಗೆಪ್ಪ ಗಿರಣಿಯಲ್ಲಿ ಕಾಳು ಸುರಿಯುತ್ತಿದ್ದವನು ನಡುವೆ ನಿಂತು ಅಂಗೈಯಿಂದ ಎದೆ ಒತ್ತಿಕೊಂಡ. ನಾನು ಅವನನ್ನೇ ನೋಡಿದೆ. "ಏನಿಲ್ಲ" ಎಂದು ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದ, "ಸೋರೆಕಾಯಿ ತಿಂದ ತಿಂದ ಅಕ್ಕನ ಮಾರಿ ನೋಡಾಕ ಆಗಲಿಲ್ಲ. ತಾಟಿನ ಮೂಲ್ಯಾಗ ಒಂದಿಷ್ಟ ಖಾರ ಇಟ್ಟಿದ್ದೆ. ಬ್ಯಾಡ ಬ್ಯಾಡ ಅಂದ್ಲು, ಆಮ್ಯಾಲ ಬೆರಳ ಹಚ್ಚಿ ನೆಕ್ಕಿದ್ಲು. ನೀ ಹೇಳಬ್ಯಾಡ ಮತ್ತ." ಹೇಳುವಷ್ಟರಲ್ಲಿ ದುಂಡಕ್ಕ ಗಿರಣಿಯ ಬಾಗಿಲಿಗೇ ಬಂದು ನಿಂತಿದ್ದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. "ಮುರಿಗ್ಯಾ, ಉರೀತೇನೋ?" ಎಂದು ಪಟ್ಟಾದ ಸದ್ದಿನ ಮೇಲೆ ಕೂಗಿದಳು. ಅವನು ಕೈ ಎದೆಯಿಂದ ತೆಗೆದು, "ಇಲ್ಲಕ್ಕಾ, ಹೂವಿನಂಗ ಐತಿ" ಎಂದು ಕೂಗಿ, ಏನನ್ನೋ ನುಂಗಿದ. ದುಂಡಕ್ಕ ಅವನ ಗಂಟಲು ಮೇಲೆ ಹೋಗಿ ಕೆಳಗೆ ಇಳಿಯುವುದನ್ನು ನೋಡಿದಳು. ಆ ಸುಳ್ಳನ್ನು ಅವಳಷ್ಟು ಬಲ್ಲವರು ಊರಲ್ಲಿ ಬೇರೆ ಯಾರಿದ್ದಾರೆ. ಒಳಗೆ ಬಂದು ಜೋಳದ ಚೀಲದ ಮೇಲೆ ಅವನ ಹತ್ತಿರ ಕೂತಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ, "ನಾಳೆನೂ ಸೋರಿಕಾಯಿನ ಇರ್ಲಿ ಕಸ್ತೂರಿ" ಎಂದಳು.